ಸೋಮವಾರದ ಸಾಣೆ

"ಮತ್ತ ಮೊಂಡ ಆತೇನ್ರಿ ಮಾಸ್ತರ?" ಸಾಣೆ ಹಿಡಿಯುವ ದಾವಲಸಾಬ ಕೈ ಚಾಚಿದ.

ಡ್ರಾಯಿಂಗ್ ಮಾಸ್ತರಿಕೆಯಿಂದ ನಿವೃತ್ತರಾದ ಕಲ್ಲಿನಾಥರು ತಮ್ಮ ಮಡಚುವ ಚಾಕುವನ್ನು ಕೊಟ್ಟರು. "ಹಿಡಿಕಿ ಚಲೋ ಐತಿ, ಲಾಕೂ ಗಟ್ಟಿ. ತೆರದ್ರ ಟಕ್ ಅಂತ ನಿಲ್ಲತೈತಿ. ಆದ್ರ ಅಲಗು ಒಂದ ವಾರ ತಾಳೂದಿಲ್ಲ ನೋಡು."

"ಬರೇ ಪೆನ್ಸಿಲ್ ಚೂಪ ಮಾಡಾಕ ಇಷ್ಟು ಸವೀತೈತೇನ್ರಿ?"

"ಕಬ್ಬಿಣ ಮೆತ್ತಗೈತಿ."

ಕಬ್ಬಿಣ ಮೆತ್ತಗಿರಲಿಲ್ಲ. ಹೆಂಡತಿ ಹೋದ ಮೇಲೆ ಮಾಸ್ತರರು ಪೆನ್ಸಿಲ್ ಮುಟ್ಟಿರಲೂ ಇಲ್ಲ. ಪ್ರತಿ ರವಿವಾರ ಸ್ನಾನ ಮುಗಿಸಿ, ಅಲಗನ್ನು ಬಚ್ಚಲ ಕಲ್ಲಿಗೆ ಗಸಗಸ ಉಜ್ಜಿ ತಾವೇ ಮೊಂಡು ಮಾಡುತ್ತಿದ್ದರು. ಸೋಮವಾರ ಸಾಣೆ ತಿರುಗುವ ಅರ್ಧ ತಾಸು, ಒಂದು ಕಪ್ ಚಹಾ, ನಾಲ್ಕು ಮಾತು. ವಾರದಲ್ಲಿ ಅವರ ಬಾಯಿ ತೆರೆಯುತ್ತಿದ್ದುದು ಅಲ್ಲೊಂದೇ ಕಡೆ.

ಮುಂದಿನ ವಾರವಿಡೀ ಜ್ವರ. ಸೋಮವಾರ ಹೇಗೋ ಎದ್ದು ಬಂದವರಿಗೆ, ಚಾಕು ದಾವಲಸಾಬನ ಕೈ ಸೇರಿದ ಮೇಲೆಯೇ ನೆನಪಾಯಿತು: ಈ ಸಲ ಕಲ್ಲಿಗೆ ಉಜ್ಜಿರಲೇ ಇಲ್ಲ. ಹೋದ ಸೋಮವಾರ ಬಂದ ಹರಿತ ಹಾಗೇ ಇತ್ತು.

ದಾವಲಸಾಬ ಎಂದಿನಂತೆ ಹಳೇ ಪೇಪರಿನ ಹಾಳೆಯೊಂದನ್ನು ಎತ್ತಿ ಹಿಡಿದು ಅಲಗು ತಾಗಿಸಿದ. ಹಾಳೆ ಸದ್ದಿಲ್ಲದೆ ಎರಡಾಗಿ ಕೆಳಗೆ ಬಿತ್ತು. ಮಾಸ್ತರರು ತಲೆ ತಗ್ಗಿಸಿದರು.

"ಪೂರಾ ಮೊಂಡ ಆಗೇತ್ರಿ," ಎನ್ನುತ್ತ ದಾವಲಸಾಬ ಸ್ಟೂಲನ್ನು ಅವರತ್ತ ಸರಿಸಿದ. "ಇವತ್ತ ಭಾಳ ಹೊತ್ತು ಹಿಡೀತೈತಿ, ಕುಂದರ್ರಿ."