ಹಾಲಲ್ಲಿ ಅದ್ದಿದ ಬೆರಳು

ಯಾವ ಔಷಧಿಯೂ ನಾಟದ ಕಾಲ. ಹಸುವಿಗೆ ಕೆಚ್ಚಲು ಬಾವು ಬಂದರೆ ಡೈರಿಯ ಯಂತ್ರ ಹೇಳಿದ್ದೇ ತೀರ್ಪು. ರೋಗಾಣು ಕೊಟ್ಟಿಗೆಯದಾದರೆ ಹಸುವಿಗೆ ಸಾವಿನ ಸೂಜಿ. ಮನುಷ್ಯರ ಕೈಯದಾದರೆ ಹಾಲು ಕರೆದವರ ಕೈಗಳಿಗೆ ಸಾಯುವವರೆಗೂ ಬಿಚ್ಚಲಾಗದ ಗವಸು. ಆ ರೋಗಾಣು ತಗಲಿದ ಕೂಸು ಉಳಿಯದು; ಗವಸಿನವರು ಮಕ್ಕಳನ್ನು ಮುಟ್ಟುವಂತಿಲ್ಲ.

ಕೆಚ್ಚಲು ಬಾತ ಹಸುವಿನದೆಂದು ನಿಂಗಾಜಮ್ಮ ತಂದ ಹಾಲಿನ ಒಂದು ಹನಿಯನ್ನು ಪರೀಕ್ಷಕ ಜವರಪ್ಪ ಯಂತ್ರಕ್ಕೆ ಬಿಟ್ಟ. ಹಳದಿ ಗೆರೆ ಮೂಡಿತು.

"ಕೈಯಿಂದ ಬಂದದ್ದು ಕಣಕ್ಕಾ. ನಿಮ್ಮನೇಲಿ ಬೆರಳ ಹಾಲಲ್ಲಿ ಅದ್ಕಂಡು ಕರಿಯೋರ್ಯಾರು?"

ತೊಟ್ಟು ಸಲೀಸಾಗಿ ಜಾರಲೆಂದು ಹಾಗೆ ಕರೆಯುತ್ತಿದ್ದವಳು ಸೊಸೆ ಚಂದ್ರಿಕಾ. ಬೇಡವೆಂದರೂ ಕೇಳಿರಲಿಲ್ಲ. ಆದರೆ ಅವಳ ಮಡಿಲಲ್ಲಿ ಹಸುಗೂಸಿತ್ತು.

"ನಾನೇ ಕಣಪ್ಪ," ಎಂದು ನಿಂಗಾಜಮ್ಮ ಎರಡೂ ಕೈ ಚಾಚಿದಳು.

ಜವರಪ್ಪ ತಲೆಯೆತ್ತದೆ ಗವಸು ತೊಡಿಸಿ, ಮಣಿಕಟ್ಟಿನ ಸುತ್ತ ಬಿಸಿ ಅಂಟು ಸುರಿದ. ಹಿಂದೆ ನಿಂತಿದ್ದವರು ತಮ್ಮ ಕ್ಯಾನುಗಳನ್ನು ಮುಂದೆ ಸರಿಸಿದರು.

ಮೊಮ್ಮಗಳ ಅಳು ಬೀದಿಗೇ ಕೇಳುತ್ತಿತ್ತು. ನಿಂಗಾಜಮ್ಮ ಒಳಗೆ ಬಂದಾಗ ಚಂದ್ರಿಕಾ ಇನ್ನೊಂದು ಹಸುವಿನ ಹಾಲು ಕರೆದು ಆಗಷ್ಟೇ ಕೂತಿದ್ದಳು.

"ಅಯ್ಯೋ, ನಿಮ್ಮ ಕೈಗ್ಯಾಕತ್ತೆ ಗವಸು?" ಎನ್ನುತ್ತಲೇ ಅವಳು ಬೆರಳನ್ನು ಜೇನುತುಪ್ಪದಲ್ಲಿ ಅದ್ದಿ ಕೂಸಿನ ಬಾಯಿಗಿಟ್ಟಳು.

ನಿಂಗಾಜಮ್ಮ ಸುಳ್ಳು ಹೇಳಿ ಉಳಿಸಿಕೊಂಡು ಬಂದಿದ್ದ ಬೆರಳು ಅದು.

ಅಳು ನಿಂತಿತು.