ಎಮ್ಮೆಗೆ ಹಚ್ಚಿದ ಬೆಣ್ಣೆ

ಕೊಟ್ಟಿಗೆಯಲ್ಲಿ ಗುರುಬಸಮ್ಮ ಎಮ್ಮೆಯ ಕೆಚ್ಚಲಿನ ಬಿರಿದ ತೊಟ್ಟುಗಳಿಗೆ ಮೆಲ್ಲಗೆ ಬೆಣ್ಣೆ ಸವರುತ್ತಿದ್ದಳು. ಬಾಗಿಲಲ್ಲಿ ಸೊಸೆ ಶಿವಬಸಮ್ಮ ನೋಡುತ್ತಾ ನಿಂತಳು. ತೋಳಲ್ಲಿ ಇಪ್ಪತ್ತು ದಿನದ ಕೂಸು ಹಸಿದು ಅಳುತ್ತಿತ್ತು. ಅವಳ ಮೊಲೆತೊಟ್ಟುಗಳೂ ಬಿರಿದು ಕುಪ್ಪಸಕ್ಕೆ ರಕ್ತ ಅಂಟಿತ್ತು. ಬೆಳಿಗ್ಗೆ ಚೂರು ಬೆಣ್ಣೆ ಕೇಳಿದ್ದಕ್ಕೆ ಅತ್ತೆ, "ಹಡದೋರೆಲ್ಲಾ ತಡಕೊಂಡಾರ, ನೀನೂ ತಡಕೋ" ಅಂದಿದ್ದಳು.

"ಎಮ್ಮಿಗೆ ಯಾಕ ಹಚ್ಚತೀರಿ, ಅತ್ತಿ? ಅದೂ ಹಡದೈತೆಲ್ಲ."

"ಹಚ್ಚಲಿಲ್ಲಂದ್ರ ಒದಿತೈತಿ," ಅತ್ತೆ ತಿರುಗಿಯೂ ನೋಡಲಿಲ್ಲ. "ಕೆಚ್ಚಲಿಗೆ ಕೈ ಹಾಕಾಕೂ ಬಿಡಂಗಿಲ್ಲ."

ಶಿವಬಸಮ್ಮ ಕೂಸನ್ನು ತಂದು ಅತ್ತೆಯ ಮಡಿಲಲ್ಲಿ ಮಲಗಿಸಿದಳು. ಅತ್ತೆ ಬೆಣ್ಣೆಗೈಯಲ್ಲೇ ಅದನ್ನು ಹಿಡಿದುಕೊಳ್ಳಬೇಕಾಯಿತು. ಬೆಣ್ಣೆಯ ಬಟ್ಟಲು ಎತ್ತಿಕೊಂಡು ಸೊಸೆ ಅಲ್ಲೇ ಎಮ್ಮೆಯ ಪಕ್ಕ ಕೂತು ಕುಪ್ಪಸದ ಗಂಟು ಬಿಚ್ಚಿದಳು.

"ಇಪ್ಪತ್ತು ದಿನ ನಾನು ಒದೀಲಿಲ್ಲ ನೋಡ್ರಿ," ಅಂದಳು, "ಅದೇ ನನ್ನ ತಪ್ಪು."