ಹತ್ತು ಗಂಟೆಗೆ ಕರೆಂಟ್ ಹೋಗುತ್ತದೆ

ಡ್ರಿಲ್ಲಿಂಗ್ ಮಷಿನ್ ಅನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಿಂದುಶ್ರೀ ಮೆಟ್ಟಿಲು ಹತ್ತಿದಳು. ವಾಸಪ್ಪನ ಸ್ಕೂಟರ್ ಓಣಿ ದಾಟಿ ಎರಡು ನಿಮಿಷವೂ ಆಗಿರಲಿಲ್ಲ. ಗಂಟೆ ಒಂಬತ್ತು. ಹತ್ತರಿಂದ ಸಾಗರದ ಆ ಭಾಗಕ್ಕೆಲ್ಲ ಕರೆಂಟ್ ಇಲ್ಲವೆಂದು ಪೇಪರಿನಲ್ಲಿ ಬಂದಿತ್ತು. ಅವಳಿಗೆ ಬೇಕಾದದ್ದು ಅರ್ಧ ಗಂಟೆ.

ಬಾಗಿಲು ತೆಗೆದವಳು ವಾಸಪ್ಪನ ಹೆಂಡತಿ ಲಕ್ಷ್ಮೀ. ಮಷಿನ್ ಕಂಡಳು. ಒಳಗಿನಿಂದ ಎಕ್ಸ್‌ಟೆನ್ಷನ್ ವೈರ್ ತಂದು ನೆಲದ ಮೇಲಿಟ್ಟಳು.

ಹಾಲಿನ ಮೂಲೆಯಲ್ಲಿ ಆರಡಿಯ ಅಕ್ವೇರಿಯಂ. ಅದರಲ್ಲಿ ಮೊಳದುದ್ದದ ಎರಡು ಬೆಳ್ಳಿ ಮೀನು. ಅಡಿಯ ಕಪಾಟಿನಲ್ಲಿ ಇನ್ನೊಂದು ಗಾಜಿನ ತೊಟ್ಟಿ. ಮೇಲಿಂದ ಇಳಿದ ನೀರು ಅಲ್ಲಿ ಶುದ್ಧವಾಗಿ, ಪಂಪಿನಿಂದ ಮತ್ತೆ ಮೇಲೇರುತ್ತದೆ. ಅದಕ್ಕೆ ಸಂಪ್ ಎನ್ನುತ್ತಾರೆ. ಎಂಟು ತಿಂಗಳ ಹಿಂದೆ ಬಿಂದುವಿಗೆ ಇದೊಂದೂ ಗೊತ್ತಿರಲಿಲ್ಲ. ಅವಳು ಹೊಲಿಗೆಯವಳು. ಈ ಹಾಲಿನ ಕೆಳಗೇ, ವಾಸಪ್ಪನಿಂದ ಬಾಡಿಗೆಗೆ ಹಿಡಿದ ಅವಳ ಅಂಗಡಿ.

ಮೊದಲ ಸಲ ಸೂರಿನಿಂದ ನೀರು ಬಿದ್ದಾಗ ಬ್ಯಾಕೋಡಿನ ಮದುಮಗಳೊಬ್ಬಳ ಧಾರೆ ಸೀರೆ ಹಾಳಾಯಿತು. ಆ ಹುಡುಗಿ ಚಿಕ್ಕಮ್ಮನ ಸೀರೆ ಉಟ್ಟು ಮಂಟಪಕ್ಕೆ ಹೋದಳು. ಎರಡನೇ ಸಲ, ಗುಂಡಿ ಹೊಲಿಯುತ್ತ ಕೂತಿದ್ದ ಅಮ್ಮ ದುರ್ಗಮ್ಮ ಏಳಲು ಹೋಗಿ ಒದ್ದೆ ನೆಲದಲ್ಲಿ ಜಾರಿದಳು. ಸೊಂಟದ ಮೂಳೆ ಮುರಿಯಿತು. ಈಗ ಅವಳನ್ನು ಎಬ್ಬಿಸಲು ಇಬ್ಬರು ಬೇಕು.

ಆಸ್ಪತ್ರೆಗೆ ಲಕ್ಷ್ಮೀ ದಿನವೂ ಗಂಜಿ ತರುತ್ತಿದ್ದಳು. ತಲೆ ಎತ್ತಿ ಮಾತಾಡುತ್ತಿರಲಿಲ್ಲ. ವಾಸಪ್ಪ ಒಂದೇ ಸಲ ಬಂದ. ನಾಲ್ಕು ಕಿತ್ತಳೆ ಹಣ್ಣು ಇಟ್ಟು, "ಹಳೇ ಸ್ಲ್ಯಾಬು ಬಿಂದು, ಮಳೆ ನೀರು ಜಿನುಗ್ತದೆ, ನಾನೇನ್ ಮಾಡ್ಲಿ? ಬೇರೆ ಕಡೆ ಅಂಗಡಿ ನೋಡ್ಕ" ಎಂದ.

ಆ ವಾರ ಮೂರು ದಿನ ಬಿಡದೆ ಮಳೆ ಹೊಯ್ದಿತ್ತು. ಸೂರು ಒಣಗೇ ಇತ್ತು. ನಾಲ್ಕನೇ ದಿನ ಬಿಸಿಲು ಬಂತು, ಕರೆಂಟ್ ಹೋಯಿತು, ನೀರು ಬಿತ್ತು. ಬಿಂದು ಆವತ್ತೇ ಹಲ್ಲು ಕಚ್ಚಿ ತೀರ್ಥಹಳ್ಳಿಯ ಬಸ್ಸು ಹತ್ತಿದಳು.

ವಾಸಪ್ಪನಿಗೆ ಅಕ್ವೇರಿಯಂ ಮಾರಿದ ದಿನೇಶನ ಅಂಗಡಿ ಅಲ್ಲಿತ್ತು. ಅವನು ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದ. ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ. ಆಗ ಮೇಲಿನ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಇಳಿಯತೊಡಗುತ್ತದೆ. ಸಂಪಿನಲ್ಲಿ ಜಾಗವಿಲ್ಲದಿದ್ದರೆ ಚೆಲ್ಲುತ್ತದೆ. ಬಿಂದು ತುಂಬ ಹೊತ್ತು ಚಿತ್ರ ನೋಡಿ, ಪೈಪನ್ನು ಎಲ್ಲಿ ಕೊರೆಯಬೇಕೆಂದು ಕೇಳಿದಳು. ದಿನೇಶ ಅವಳ ಮುಖ ನೋಡಿದ.

"ಯಾರ ಮೇಲಾದ್ರೂ ಸಿಟ್ಟಾ ಅಕ್ಕ?"

"ಹೌದು."

ಅವನು ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟುಕೊಟ್ಟ.

ಆ ಚುಕ್ಕೆಯ ಜಾಗವನ್ನು ಬಿಂದು ಈಗ ಬೆರಳಿನಿಂದ ಅಳೆದಳು. ಪಂಪ್ ನಿಲ್ಲಿಸಿ ಪೈಪನ್ನು ಥಟ್ಟನೆ ನೀರಿನಿಂದ ಮೇಲೆತ್ತಿದಳು. ಕೊರೆದಳು. ಬಿಳಿ ಪುಡಿ ಉದುರಿತು. ಪೈಪನ್ನು ಮೊದಲಿನಂತೆಯೇ ಇಳಿಸಿ ಪಂಪ್ ಹಾಕಿದಳು. ಸಂಪ್ ಅಂಚಿನವರೆಗೂ ತುಂಬಿತ್ತು. ಬಕೆಟ್ ಎಳೆದುಕೊಂಡು ಅದರ ಮುಂದೆ ಐದು ನಿಮಿಷ ಕೂತಳು.

"ಹತ್ತೂವರೆಗೆ ಇಂಜಿನಿಯರ್ನ ಕರ್ಕಂಡು ಬರ್ತಾರೆ ಅವ್ರು" ಎಂದಳು ಲಕ್ಷ್ಮೀ.

"ಗೊತ್ತು ಲಕ್ಷ್ಮಕ್ಕ. ಅದಕ್ಕೇ ಇವತ್ತು ಬಂದೆ."

ಹತ್ತಕ್ಕೆ ಅಂಗಡಿಯ ಫ್ಯಾನ್ ನಿಂತಿತು. ಬಿಂದು ಒಂದು ಬಟ್ಟೆಯನ್ನೂ ಪಕ್ಕಕ್ಕೆ ಸರಿಸಿರಲಿಲ್ಲ. ಅಮ್ಮನನ್ನು ಕುರ್ಚಿಯ ಸಮೇತ ಹೊರಿಸಿ ತಂದು ಕೂರಿಸಿದ್ದಳು. ವಾಸಪ್ಪನ ಮುಖ ಅವಳೂ ನೋಡಲಿ ಎಂದು.

ವಾಸಪ್ಪ ಇಂಜಿನಿಯರ್ ಶೇಷಪ್ಪನವರನ್ನು ಕರೆತಂದ. ಸ್ಲ್ಯಾಬ್ ಪೂರ್ತಿ ಲಡ್ಡಾಗಿದೆ, ಹೆಂಗಸರು ಇರುವ ಜಾಗ, ನಾಳೆ ತಲೆ ಮೇಲೆ ಬಿದ್ದರೆ ಯಾರು ಹೊಣೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದನಂತೆ. ಕಟ್ಟಡ ಅಪಾಯದಲ್ಲಿದೆ ಎಂದು ಇಂಜಿನಿಯರ್ ಬರೆದರೆ ಸಾಕಿತ್ತು. ಬಿಂದುವಿನ ಕೈಯಲ್ಲಿ ಇನ್ನೂ ನಾಲ್ಕು ವರ್ಷದ ಅಗ್ರಿಮೆಂಟ್ ಇದ್ದರೂ ಅಂಗಡಿ ಖಾಲಿಯಾಗುತ್ತಿತ್ತು.

ಎಲ್ಲರೂ ಸೂರು ನೋಡಿದರು. ಹತ್ತು ನಿಮಿಷ. ಕಾಲು ಗಂಟೆ. ಒಂದು ಹನಿಯೂ ಇಲ್ಲ.

ಬೀಳುವುದೂ ಸಾಧ್ಯವಿರಲಿಲ್ಲ. ಬಿಂದು ಕೊರೆದದ್ದು ನೀರಿನ ಮಟ್ಟಕ್ಕಿಂತ ಒಂದು ಬೆರಳು ಕೆಳಗೆ. ನೀರು ಅಷ್ಟು ಇಳಿದ ಕೂಡಲೇ ತೂತಿನಿಂದ ಪೈಪಿಗೆ ಗಾಳಿ ನುಗ್ಗಿ, ಹಿಂದಕ್ಕೆ ಹರಿಯುವುದು ಅಲ್ಲಿಗೇ ನಿಂತಿತ್ತು. ಇಳಿದ ಅಷ್ಟು ನೀರಿಗೆ ಸಂಪಿನಲ್ಲಿ ಜಾಗವೂ ಇತ್ತು. ಎರಡು ಬಕೆಟ್ ಅವಳೇ ಮೊಗೆದು ಚೆಲ್ಲಿದ್ದಳು.

ವಾಸಪ್ಪ ಬೆವರಿದ. ಕನ್ನಡಕ ಮೇಲೆ ಬಿಟ್ಟೆ, ಈಗ ಬಂದೆ ಎಂದು ಮೆಟ್ಟಿಲಿಗೆ ಓಡಿದ. ದುರ್ಗಮ್ಮ ಅವನು ಹೋದ ದಾರಿಯನ್ನೇ ನೋಡುತ್ತಿದ್ದಳು. ಸ್ಲ್ಯಾಬ್ ಗಟ್ಟಿಯಾಗಿಯೇ ಇದೆಯಲ್ಲಮ್ಮ ಎಂದು ಶೇಷಪ್ಪನವರು ಫೈಲು ಮುಚ್ಚುವಷ್ಟರಲ್ಲಿ ಅವರ ಕೈ ಮೇಲೆ ಹನಿಯೊಂದು ಬಿತ್ತು. ಮತ್ತೊಂದು. ಆಮೇಲೆ ದಾರದಂತೆ ಇಳಿಯತೊಡಗಿತು.

ಅವರು ಪೆನ್ನು ತೆಗೆದರು.

"ಬರೀಬೇಡಿ ಸರ್" ಎಂದಳು ಬಿಂದು. "ಮೊದ್ಲು ಮೇಲೆ ಬನ್ನಿ."

ಮನೆಯ ಬಾಗಿಲು ಹಾರು ಹೊಡೆದಿತ್ತು. ಹಾಲಿನ ಮೂಲೆಯಲ್ಲಿ ವಾಸಪ್ಪ ಪಂಚೆ ಮೇಲೆ ಕಟ್ಟಿ, ಗೋಡೆಯ ಬುಡದ ಬಿರುಕಿಗೆ ಬಕೆಟ್ ಬಗ್ಗಿಸುತ್ತಿದ್ದ. ಹೆಜ್ಜೆಯ ಸಪ್ಪಳಕ್ಕೆ ತಿರುಗಿದವನು ಬಕೆಟ್ ಕೆಳಗಿಡುವುದನ್ನೂ ಮರೆತ.

ಬಾಗಿಲಿಗೆ ಒರಗಿ ನಿಂತಿದ್ದ ಲಕ್ಷ್ಮೀ ಈಗ ತಲೆ ಎತ್ತಿದಳು. "ಕರೆಂಟ್ ಹೋಗ ದಿನ ಅಂದ್ರೆ ತಾನಾಗೇ ಚೆಲ್ಲಲಿ ಅಂತ ಈ ಕೆಳಗಿನ ತೊಟ್ಟಿನ ಮೊದ್ಲೇ ತುಂಬಿಸಿಡ್ತಿದ್ರು ಸರ್. ಇವತ್ತು ಚೆಲ್ಲಲಿಲ್ಲ, ಅದಕ್ಕೇ ಕೈಯಾರೆ ಹೊಯ್ತಾ ಇದಾರೆ."